ಪೈಲ್ವಾನ್ ಹಿಡಿದ ಕಾಲು

ಕಬ್ಬಿಣದ ಕ್ಯಾಲಿಪರ್ ಎರಡನೆಯ ಸಲ ದವಡೆಗೆ ಬಡಿದಾಗ ತಿರುಮಲೇಶನ ಹಲ್ಲೊಂದು ರಕ್ತದ ಜೊತೆ ಜಯನಗರದ ಈಜುಕೊಳದ ಅಂಚಿಗೆ ಉರುಳಿತು. ಕ್ಯಾಲಿಪರ್ ಅವನದೇ, ನಡೆಯಲು ಆಸರೆಗೆಂದು ಕಟ್ಟಿಕೊಳ್ಳುತ್ತಿದ್ದದ್ದು; ಪೋಲಿಯೋದಿಂದ ಸೊರಗಿದ ಎಡಗಾಲಿನಿಂದ ಆಗಷ್ಟೇ ಬಿಚ್ಚಿಟ್ಟಿದ್ದ. ಬೀಸುತ್ತಿದ್ದವನು ಸಿದ್ದಾಪುರದ ಗರಡಿಯ ಪೈಲ್ವಾನ್ ಚಿನ್ನಪ್ಪ.

“ಎರಡು ಕಾಲಿರೋ ನನ್ನ ತಮ್ಮನ್ನೇ ಸೋಲಿಸ್ತೀಯೇನೋ, ಕುಂಟಾ? ನಾಳೆ ಸ್ಟೇಟ್ ಸೆಲೆಕ್ಷನ್ನಿಗೆ ನೀರಿಗಿಳಿದ್ರೆ ಇನ್ನೊಂದು ಕಾಲೂ ಮುರೀತೀನಿ!”

ಮೂರನೆಯ ಏಟಿಗೆ ಅವನು ಕೈಯೆತ್ತಿದ್ದೇ ತಡ, ತಿರುಮಲೇಶ ಅವನ ಕಣಕಾಲನ್ನು ತಬ್ಬಿ ಹಿಂದಕ್ಕೆ ಉರುಳಿದ. ಇಬ್ಬರೂ ಆಳದ ನೀರಿಗೆ ಬಿದ್ದರು. ಗರಡಿಯ ಮಣ್ಣಿನಲ್ಲಿ ಕಾಲೂರಿ ಕಲಿತ ಪಟ್ಟುಗಳಿಗೆ ಅಲ್ಲಿ ನೆಲವೇ ಸಿಗಲಿಲ್ಲ. ಬರೀ ತೋಳಿನಲ್ಲಿ ಈಜಿ ಬೆಳೆದವನು ಆ ದಪ್ಪ ಕತ್ತನ್ನು ಒತ್ತಿ ಮುಳುಗಿಸಿದ. ಗುಳ್ಳೆಗಳು ಕಡಿಮೆಯಾಗುವವರೆಗೂ ಒತ್ತಿದ. ಆಮೇಲೆ ಬಿಟ್ಟು ಅಂಗಾತ ತೇಲಿದ. ಮೇಲೆದ್ದ ಚಿನ್ನಪ್ಪ ಕೈಗೆ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಂಡ. ಸಿಕ್ಕಿದ್ದು ಆ ಸೊರಗಿದ ಎಡಗಾಲು.

“ಅಣ್ಣಾ, ನಾಳೆ ಇಳೀಲಾ, ಬೇಡ್ವಾ?”

“ಇಳಿಯಪ್ಪಾ… ಇಳಿ…” ಚಿನ್ನಪ್ಪ ನೀರು ಕಕ್ಕಿದ.

ತಿರುಮಲೇಶ ಬಾಯೊಳಗಿನ ರಕ್ತ ಉಗುಳಿ, ಅಂಚಿನ ಕಡೆ ಈಜಲು ತೋಳು ಬೀಸಿದ.

“ಹಂಗಾದ್ರೆ ಕಾಲು ಬಿಡ್ಬೇಡಿ.”