ಸಿದ್ರಾಯ ಕಂಡ ಮುಖ

"ಅವತ್ತ ನೀವು ಕಂಡಾಂವ ಇಂವನ ಏನ್ರಿ? ಬಟ್ಟ ಮಾಡಿ ತೋರಸ್ರಿ," ಎಂದರು ಸರಕಾರಿ ವಕೀಲರು.

ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದ ಸಿದ್ರಾಯ ಎದುರಿನ ಆರೋಪಿಯನ್ನು ನೋಡಿದ. ಜೈಲಿನಲ್ಲಿ ಸೊರಗಿದ ಮುಖ, ಬೋಳಿಸಿದ ಮೀಸೆ. ಬೆರಳು ಮೇಲೇಳಲಿಲ್ಲ. ಗೋಕಾಕದ ಕೋರ್ಟಿನ ಹಿಂದಿನ ಬೆಂಚಿನಲ್ಲಿ ದುಂಡವ್ವ ಸೆರಗು ಬಿಗಿಹಿಡಿದು ಕೂತಿದ್ದಳು. ಅವಳ ಗಂಡ ಉದ್ದಪ್ಪನ ಕೊಲೆಯನ್ನು ಕಣ್ಣಾರೆ ಕಂಡವನು ಸಿದ್ರಾಯ ಒಬ್ಬನೇ.

ಹುಕ್ಕೇರಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನು ಅರಭಾವಿ ಹತ್ತಿರ ಉದ್ದಪ್ಪನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ. ಹೊತ್ತು ಮುಳುಗುವಾಗ ಯಾರೋ ಒಬ್ಬ ಕಬ್ಬಿನ ಸಾಲಿನಿಂದ ಹೊರಬಿದ್ದು ಉದ್ದಪ್ಪನ ತಲೆಗೆ ಕೊಡಲಿ ಬೀಸಿದ. ಓಡುವಾಗ ಒಮ್ಮೆ ತಿರುಗಿ ನೋಡಿದ. ಗುರುತು ಹಿಡಿಯಲು ಪೊಲೀಸರು ಕರೆದಾಗ ಸಿದ್ರಾಯ ಸಾಲಾಗಿ ನಿಂತವರ ನಡುವೆ ಆ ಮುಖವನ್ನು ತಡವರಿಸದೆ ತೋರಿಸಿದ್ದ.

ಆಮೇಲೆ ಟಿವಿಯವರು ಬಂದರು, ಊರೂರಿನ ಖರೆ ಕೊಲೆಗಳನ್ನು ಸಿನಿಮಾದ ಹಾಗೆ ಮಾಡಿ ತೋರಿಸುವವರು. ಅವರಿಗೆ ಕುರಿ ಬೇಕಿದ್ದವು, ಕುರಿಗಳು ಸಿದ್ರಾಯನನ್ನು ಬಿಟ್ಟು ಬೇರೆಯವರ ಮಾತು ಕೇಳುತ್ತಿರಲಿಲ್ಲ. ಹೀಗಾಗಿ ಸಿದ್ರಾಯನ ಪಾತ್ರಕ್ಕೆ ಸಿದ್ರಾಯನನ್ನೇ ನಿಲ್ಲಿಸಿದರು. ಅದೇ ಹೊಲ, ಅದೇ ಕಬ್ಬು. ದಪ್ಪ ಮೀಸೆಯ ನಟನೊಬ್ಬ ಕೊಡಲಿ ಎತ್ತಿ ಬಂದ, ಓಡಿದ, ತಿರುಗಿ ನೋಡಿದ. ಒಂದು ಸಲ ಕುರಿ ಅಡ್ಡ ಬಂದವು, ಇನ್ನೊಂದು ಸಲ ಬೆಳಕು ಸಾಲಲಿಲ್ಲ, ಮತ್ತೊಂದು ಸಲ ಸಿದ್ರಾಯನೇ ಸಾಕಷ್ಟು ಅಂಜಲಿಲ್ಲವಂತೆ. ಪ್ರತಿ ಸಲವೂ ಆ ನಟನ ಮುಖ ಚೆನ್ನಾಗಿ ನೋಡಬೇಕೆಂದು ನಿರ್ದೇಶಕ ಹೇಳುತ್ತಿದ್ದ. ಸಿದ್ರಾಯ ನೋಡಿದ. ಟಿವಿಯಲ್ಲಿ ಬಂದಾಗ ಚಹಾದಂಗಡಿಯಲ್ಲಿ ಕೂತು ಮತ್ತೆ ನೋಡಿದ. ಹೀರೋ ಆದಿ ಬಿಡೋ ಎಂದು ಜನ ಚೇಷ್ಟೆ ಮಾಡಿದರು, ಅವನೂ ನಕ್ಕಿದ್ದ.

ಈಗ ಆರೋಪಿಯ ಮುಖಕ್ಕೆ ಮನಸ್ಸಿನಲ್ಲೇ ಮೀಸೆ ಹಚ್ಚಿ ನೋಡಿದ. ಟಿವಿಯ ನಟನೇ ಬಂದು ನಿಂತ. ಆ ಮೀಸೆ ತೆಗೆದು ನೋಡಿದ. ಯಾರೋ ಗೊತ್ತಿಲ್ಲದ ಮನುಷ್ಯ.

"ಯಾಕ ಸುಮ್ಮನಾದ್ರಿ? ಮೊದಲ ನೀವ ತೋರಿಸಿದ್ರಲ್ಲ," ವಕೀಲರ ದನಿ ಬಿರುಸಾಯಿತು.

"ತೋರಿಸಿದ್ದು ಖರೆ ಐತ್ರಿ ಸಾಹೇಬ್ರ. ಆದ್ರ ಈಗ ಕಣ್ಣ ಮುಂದ ಬರಾಂವ ಟಿವ್ಯಾಗಿನಾಂವ. ಇಂವನೂ ಇದ್ದರ ಇರಬೇಕು. ಆಣಿ ಮಾಡಿ ಹೆಂಗ ಹೇಳ್ಲಿ?"

ಯಾರೋ ಕಿಸಕ್ಕನೆ ನಕ್ಕರು. ಆರೋಪಿಯ ವಕೀಲರು ಎದ್ದು ಏನೂ ಕೇಳಲಿಲ್ಲ, ಕೇಳುವುದೇನೂ ಉಳಿದಿರಲಿಲ್ಲ. ಸಿದ್ರಾಯ ಹೇಳಿದ್ದೆಲ್ಲ ಟೈಪಾಯಿತು, ಅವನು ಹೆಬ್ಬೆಟ್ಟು ಒತ್ತಿದ.

ಹೊರಗೆ ಬೇವಿನ ಗಿಡದ ಕೆಳಗೆ ದುಂಡವ್ವ ನಿಂತಿದ್ದಳು. ಸಿದ್ರಾಯ ರುಮಾಲು ಕೈಯಲ್ಲಿ ಹಿಡಿದು ಅವಳ ಮುಂದೆ ಹೋಗಿ ನಿಂತ. ಅವಳು ಬಯ್ಯಲಿ ಎಂದುಕೊಂಡ, ಮಣ್ಣು ತೂರಲಿ ಎಂದುಕೊಂಡ. ಅವಳು ಸೆರಗು ಸರಿಮಾಡಿಕೊಂಡು ಅವನ ಕಡೆ ತಿರುಗಿದಳು.

"ಟಿವ್ಯಾಗ ಬಂದದ್ದನ್ನ ನಾನೂ ನೋಡೇನ್ರಿ ಕಾಕಾ," ಎಂದಳು. "ಅದರಾಗ ನಮ್ಮವರ ಪಾತ್ರ ಮಾಡಿದಾಂವ ಬಾಳ ಚೆಲುವ ಇದ್ದ. ಈಗ ನನಗೂ ಅಂವನ ಕಣ್ಣ ಮುಂದ ಬರ್ತಾನ. ಮನ್ಯಾಗ ನಮ್ಮವರದೊಂದು ಫೋಟೋ ಸೈತ ಇಲ್ಲ. ನಮ್ಮವರ ಮಾರಿ ಹೆಂಗಿತ್ತು, ನೀವರೆ ಹೇಳ್ರಿ."

ಸಿದ್ರಾಯ ಕಣ್ಣು ಮುಚ್ಚಿ ನೆನೆಯಲು ಅಂಜಿದ.