ಅರಬ್ಬಿಯ ಹಕಾರ

"ಮತ್ತೊಮ್ಮೆ ಹಾಕು," ಎಂದಳು ದುಬೈಯಲ್ಲಿ ಇದ್ದು ಬಂದ ನೆರೆಮನೆಯ ನಫೀಸಾ. ಸುಷ್ಮಾ ಮೊಬೈಲನ್ನು ಅವಳ ಕಿವಿಯ ಹತ್ತಿರ ಹಿಡಿದಳು. ಒಮಾನಿನ ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ ಎಂಬ ಸುದ್ದಿ ಕೇಳಿ, ಅಲ್ಲಿ ಮೀನಿನ ಬೋಟಿನಲ್ಲಿ ದುಡಿಯುವ ಗಂಡ ದೇವರಾಜನಿಗೆ ಸುಷ್ಮಾ ಫೋನ್ ಮಾಡಿದ್ದಳು. ಅವನು ಎತ್ತಿರಲಿಲ್ಲ. ಈಗ ಅವನ ನಂಬರಿನಿಂದಲೇ ಯಾರೋ ಗಂಡಸಿನ ದನಿಯಲ್ಲಿ ಸಂದೇಶ ಬಂದಿತ್ತು. ಅದರಲ್ಲಿ ಅವಳಿಗೆ ತಿಳಿದದ್ದು ಎರಡೇ ಮಾತು: ದೇವರಾಜ, ಬಹ್ರ್.

"ಬಹ್ರ್ ಅಂದ್ರೆ ಅರಬ್ಬಿಲಿ ಸಮುದ್ರ ಅಂತ ಅವ್ರೇ ಹೇಳಿಕೊಟ್ಟಿದ್ರು ನಫೀಸಕ್ಕ. ಸಮುದ್ರಕ್ಕೆ ಬಿದ್ರಾ? ಎಂತ ಆತು, ಹೇಳಿ!"

ನಫೀಸಾ ಸುಷ್ಮಾಳ ಬೆರಳು ಹಿಡಿದು ತನ್ನ ಗಂಟಲಿಗೆ ಒತ್ತಿಕೊಂಡಳು. "ಬಹ್ರ್," ಎಂದಳು. ಬೆರಳಿನಡಿ ಗಂಟಲು ಬಿಗಿಯಾಯಿತು. "ಇದು ಅರಬ್ಬಿ. ಉಸಿರು ಇಲ್ಲಿ ಉಜ್ಜಿಕೊಂಡು ಬರ್ಬೇಕು." ಆಮೇಲೆ ಸಂದೇಶದ ದನಿಯಂತೆಯೇ ರಾಗ ಏರಿಸಿ "ಬಾ...ರ್" ಎಂದಳು. ಗಂಟಲು ಸಡಿಲವಾಗಿಯೇ ಇತ್ತು. "ಇದು ಪಂಜಾಬಿ ಬಾಹರ್. ಇವ್ರು ಹಕಾರ ನುಂಗ್ತಾರೆ, ದನಿ ಏರಿಸ್ತಾರೆ. ದುಬೈಲಿ ನಮ್ಮ ಪಕ್ಕದ ಮನೆಯವ್ರು ಹೀಗೇ ಮಾತಾಡೋರು. ಬಾಹರ್ ಅಂದ್ರೆ ಹೊರಗೆ. ಮಾತಾಡಿದ್ದು ಅವ್ನ ರೂಮಿನವ್ನು. ನಿನ್ನ ಗಂಡ ಫೋನ್ ರೂಮಲ್ಲಿ ಬಿಟ್ಟು ಹೊರಗೆ ಹೋಗಿದಾನಂತೆ, ರೊಟ್ಟಿ ತರೋಕೆ."

ಸುಷ್ಮಾ ಬೆರಳು ತೆಗೆಯಲಿಲ್ಲ. "ರೊಟ್ಟಿಯಾ?" ಎಂದಳು. "ಇಲ್ಲಿ ಕುಚ್ಚಲಕ್ಕಿ ಗಂಜಿ ಇಲ್ದಿದ್ರೆ ಬಟ್ಲು ದೂಡ್ತಿದ್ರು. ಫೋನ್ ಮಾಡ್ಲಿ, ಹೇಳ್ತೆ!" ಎಂದು ಗದರಿಸುತ್ತಲೇ ನಫೀಸಾಳ ಮನೆಯ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು.