ಬೇವಿನ ಗಿಡದ ಕಟ್ಟೆ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ಮುನವಳ್ಳಿ ಹತ್ತಿರದ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಗೌಂಡಿ. ಊರಿನ ಎಷ್ಟೋ ಮನೆಗಳ ಮುಂದೆ ಕಟ್ಟೆ ಕಟ್ಟಿದ್ದ, ಒಂದರ ಮೇಲೂ ಕೂತವನಲ್ಲ. ನಮ್ಮ ಕೇರಿಯವರು ಕಟ್ಟೆಯ ಕೆಳಗೆ ನೆಲದಲ್ಲೇ ಕೂರಬೇಕಿತ್ತು. ಆ ಬೇಸಿಗೆ ಅವನು ನಮ್ಮ ಅಂಗಳದ ಬೇವಿನ ಗಿಡಕ್ಕೇ ಒಂದು ಕಟ್ಟೆ ಕಟ್ಟಿದ. ವಾರವಿಡೀ ಅವ್ವ ಅದಕ್ಕೆ ನೀರು ಹೊಡೆದಳು.

ಎಂಟನೆಯ ದಿನ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನುಣುಪಾದ ಅಂಚನ್ನು ಸವರಿದ. "ಇದು ನಮ್ಮ ಕಟ್ಟಿ ಐತೆವ್ವಾ. ಇಲ್ಲಿ ಯಾರ್ ಬಂದ್ರೂ ಏಳೂದು ಬ್ಯಾಡ."

ಅಷ್ಟರಲ್ಲಿ ಊರ ಗೌಡರು ಬಂದರು. ಅಪ್ಪ ದಡಕ್ಕನೆ ಎದ್ದ. ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಳಿಯಿತು. ನಾನು ಏಳಲಿಲ್ಲ. ರಟ್ಟೆ ಹಿಡಿದು ಎಳೆದ.

"ಕುಂದರೋ, ನಿಂದೇ ಕಟ್ಟಿ ಐತಲ್ಲ," ಎಂದು ಗೌಡರು ನಕ್ಕು, ಚಪ್ಪಲಿ ಕಾಲನ್ನು ಅದರ ಮೇಲೆ ಊರಿ ನಿಂತರು. "ದನದ ಮನಿ ಗ್ವಾಡಿ ಬಿದ್ದೈತಿ. ನಾಳೆ ಬಾ."

"ಬರತೇನ್ರಿ ಗೌಡ್ರ."

ಅವರು ಹೋದ ಮೇಲೆ ಅಪ್ಪ ಅದೇ ಟವೆಲ್ಲಿನಿಂದ ಚಪ್ಪಲಿಯ ಮಣ್ಣು ಒರೆಸಿದ.

"ಈಗರ ಕುಂದ್ರಪ್ಪಾ," ಎಂದೆ.

ಕೂತ. ಕಟ್ಟೆಗೆ ಬೆನ್ನು ಕೊಟ್ಟು, ಕೆಳಗೆ, ನೆಲದ ಮೇಲೆ.